ಶಾಲೆಯ ಮೈದಾನದಿಂದ ಜಕಾರ್ತಾದವರೆಗೆ: ಕೀರ್ತಿಶೇಷ ರಹೀಮ್ ಮಾಸ್ತರರು

ಗುರುಋಣವು ತೀರಿಸಲಾಗದ ಋಣವೆಂಬುದು ನಮ್ಮ ಹಿರಿಯರ ಮಾತು. ಅಕ್ಷರ ಕಲಿಸಿದ ಗುರುಗಳನ್ನು ನಾವು ಆಗಾಗ ನೆನೆಯುತ್ತೇವೆ. ಆದರೆ ಓಡಲು, ಬಿದ್ದರೆ ಏಳಲು, ಸೋತರೆ ತಾಳಿಕೊಳ್ಳಲು ಕಲಿಸಿದ ಡ್ರಿಲ್ ಮಾಸ್ತರರನ್ನು ನೆನೆಯುವವರು ವಿರಳ. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅಂತಹ ಒಬ್ಬ ಮಾಸ್ತರರ ಜೀವನವನ್ನು ವಾಚಕರ ಮುಂದಿಡಬಯಸುತ್ತೇವೆ. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ, ನಮ್ಮ ಊರಿನವರೂ ಅಲ್ಲ. ಆದರೆ ರಾಯಚೂರು, ದೇವದುರ್ಗ, ಮಾನ್ವಿಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಅದೇ ಸಂಸ್ಥಾನದ ಶಾಲೆಗಳಲ್ಲಿ ಪಾಠ ಹೇಳಿದವರು. ಅವರೇ ಸೈಯದ್ ಅಬ್ದುಲ್ ರಹೀಮ್.

ರಹೀಮರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಾ ಅಲ್ಲಿಯ ಕಾಲ್ಚೆಂಡಿನ ತಂಡದಲ್ಲಿ ಆಡಿದರು. ಪದವಿ ಪಡೆದ ಬಳಿಕ ಉಪಾಧ್ಯಾಯ ವೃತ್ತಿಯನ್ನು ಆರಿಸಿಕೊಂಡು ಕಾಚಿಗುಡ ಮಾಧ್ಯಮಿಕ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ ಮತ್ತು ಚಾದರಘಾಟ್ ಪ್ರೌಢಶಾಲೆಗಳಲ್ಲಿ ಸೇವೆ ಸಲ್ಲಿಸಿದರು. ಈ ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಕ್ರೀಡೆಗಳ ಹೊಣೆಯನ್ನೂ ವಹಿಸಿಕೊಂಡರು.

1940ರ ದಶಕದಲ್ಲಿ ಹೈದರಾಬಾದು ಫುಟ್ಬಾಲ್ ಸಂಘದ ಕಾರ್ಯದರ್ಶಿಗಳಾದಾಗಲೂ ಅವರ ದೃಷ್ಟಿ ಬಾಲಕರ ಮೇಲೆಯೇ ನೆಟ್ಟಿತ್ತು. ಅವರು ಏರ್ಪಡಿಸಿದ ಪಂದ್ಯಾವಳಿಗಳು ವಿಚಿತ್ರವಾಗಿದ್ದವು. ಒಂದರಲ್ಲಿ ಆಟಗಾರನು ತನ್ನ ದುರ್ಬಲವಾದ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ತನ್ನಲ್ಲಿಯೇ ಇಟ್ಟುಕೊಂಡು ಓಡುವಂತಿಲ್ಲ, ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಮತ್ತೊಂದರಲ್ಲಿ ನಿಗದಿತ ಎತ್ತರಕ್ಕಿಂತ ಗಿಡ್ಡನಾದವರಿಗೆ ಮಾತ್ರ ಪ್ರವೇಶ. ಮೇಲುನೋಟಕ್ಕೆ ಇವು ಹುಡುಗಾಟವೆನಿಸಿದರೂ ಇವುಗಳ ಹಿಂದೆ ಒಬ್ಬ ಶಿಕ್ಷಕನ ವಿವೇಕವಿತ್ತು. ಬಲಗಾಲನ್ನೇ ನೆಚ್ಚಿದವನು ಎಡಗಾಲನ್ನೂ ಬಳಸಲು ಕಲಿತನು. ತಾನೊಬ್ಬನೇ ಮೆರೆಯಬೇಕೆಂಬವನು ಹಂಚಿಕೊಳ್ಳಲು ಕಲಿತನು. ದೊಡ್ಡ ಹುಡುಗರ ನಡುವೆ ತಳ್ಳಲ್ಪಡುತ್ತಿದ್ದ ಪುಟ್ಟ ಬಾಲಕನಿಗೂ ಒಂದು ಅವಕಾಶ ದೊರೆಯಿತು.

ಇದರ ಫಲವು ಬೇಗನೆ ಕಾಣಿಸಿತು. ಅವರು ತರಬೇತಿ ನೀಡುತ್ತಿದ್ದ ಹೈದರಾಬಾದು ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡದ ಹೊಣೆಯೂ ಅವರನ್ನು ಅರಸಿ ಬಂದಿತು. 1951ರಲ್ಲಿ ನವದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತವು ಇರಾನನ್ನು 1-0ರಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನರೂ ಇದ್ದರು.

ಆದರೆ ಮರುವರ್ಷವೇ ಕಹಿಯನ್ನುಣ್ಣಬೇಕಾಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ನಮ್ಮನ್ನು 10-1ರಿಂದ ಮಣಿಸಿತು. ಉತ್ತರ ದೇಶದ ಚಳಿಯಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿಯೇ ಆಡಿದ್ದರು. ಆ ಬಳಿಕ ಬೂಟು ಧರಿಸುವುದು ಕಡ್ಡಾಯವಾಯಿತು. ಇಂತಹ ಸೋಲು ಅನೇಕರ ವೃತ್ತಿಜೀವನವನ್ನೇ ಮುಗಿಸಿಬಿಡುತ್ತದೆ. ರಹೀಮರಾದರೋ ಅನುತ್ತೀರ್ಣನಾದ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ತಿದ್ದುವವರಂತೆ ಮೊದಲ ಪಾಠದಿಂದ ಮತ್ತೆ ಆರಂಭಿಸಿದರು.

1956ರ ನವೆಂಬರ್ 1ರಂದು ನಮ್ಮ ರಾಯಚೂರು ಜಿಲ್ಲೆಯು ಹೈದರಾಬಾದು ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಸರಿಯಾಗಿ ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮರ ಶಿಷ್ಯರು ಆಸ್ಟ್ರೇಲಿಯಾವನ್ನು ಅದರ ನೆಲದಲ್ಲಿಯೇ 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜ ಒಬ್ಬರೇ ಮೂರು ಗೋಲು ಹೊಡೆದರು. ನಮ್ಮ ಕನ್ನಡನಾಡಿನ ಕೆಂಪಯ್ಯನವರೂ ಆ ತಂಡದ ಸದಸ್ಯರಾಗಿದ್ದರು. ಭಾರತವು ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ಅದಕ್ಕಿಂತ ಮೇಲೆ ನಾವು ಎಂದೂ ಏರಿಲ್ಲ.

ಇನ್ನು ಅವರ ಕಡೆಯ ಅಧ್ಯಾಯ. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟಕ್ಕೆ ತೆರಳುವಾಗ ಶ್ವಾಸಕೋಶದ ಕ್ಯಾನ್ಸರ್ ಅವರ ದೇಹವನ್ನು ಒಳಗಿನಿಂದ ತಿನ್ನುತ್ತಿತ್ತು. ಧೂಮಪಾನದ ಚಟವನ್ನು ಅವರು ಬಿಟ್ಟಿರಲಿಲ್ಲ. ಶಿಷ್ಯರಿಗೆ ಶಿಸ್ತನ್ನು ಕಲಿಸಿದವರಿಗೂ ಒಂದು ದೌರ್ಬಲ್ಯವಿತ್ತೆಂಬುದನ್ನು ನಾವು ಮರೆಮಾಚಲಾರೆವು. ಮೊದಲನೆಯ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾ ನಮ್ಮನ್ನು 2-0ರಿಂದ ಸೋಲಿಸಿತು. ಥಾಯ್ಲೆಂಡಿನ ಮೇಲೆ ಗೆದ್ದ ಪಂದ್ಯದಲ್ಲಿ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ರಕ್ಷಣೆಯ ಸಾಲಿನಲ್ಲಿ ಆಡುತ್ತಿದ್ದ ಅವರನ್ನು ರಹೀಮರು ಮುಂದೆ ದಾಳಿಯ ಸಾಲಿನಲ್ಲಿ ನಿಲ್ಲಿಸಿದರು. ಇಸ್ರೇಲ್ ಮತ್ತು ತೈವಾನ್ ದೇಶಗಳಿಗೆ ಪ್ರವೇಶ ನಿರಾಕರಿಸಿದ್ದನ್ನು ಭಾರತೀಯ ಪದಾಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಊರೆಲ್ಲಾ ನಮ್ಮವರ ಮೇಲೆ ಮುನಿದಿತ್ತು. ಅಂತಿಮ ಪಂದ್ಯದ ಹಿಂದಿನ ರಾತ್ರಿ ಗುರುಗಳು ಶಿಷ್ಯರಿಂದ ಚಿನ್ನದ ಪದಕವನ್ನೇ ಕಾಣಿಕೆಯಾಗಿ ಬೇಡಿದರೆಂದು ಆಟಗಾರರು ಮುಂದೆ ನೆನೆದಿದ್ದಾರೆ. ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಜನರ ಕೂಗಾಟದ ನಡುವೆ ಅದೇ ಕೊರಿಯಾವನ್ನು 2-1ರಿಂದ ಸೋಲಿಸಿ ಅವರು ಆ ಕಾಣಿಕೆಯನ್ನು ಸಲ್ಲಿಸಿದರು. ಒಂದು ಗೋಲು ಪಿ. ಕೆ. ಬ್ಯಾನರ್ಜಿಯವರದು, ಇನ್ನೊಂದು ತಲೆಗೆ ಪಟ್ಟಿ ಸುತ್ತಿದ್ದ ಜರ್ನೈಲರದು.

ಆ ತಂಡದ ಹೆಸರುಗಳನ್ನು ವಾಚಕರು ಒಮ್ಮೆ ಓದಿಕೊಳ್ಳಬೇಕು: ಪೀಟರ್ ತಂಗರಾಜ್, ಜರ್ನೈಲ್ ಸಿಂಗ್, ಅರುಣ್ ಘೋಷ್, ಫ್ರಾಂಕೊ, ಯೂಸುಫ್ ಖಾನ್, ಚುನಿ ಗೋಸ್ವಾಮಿ, ಬಲರಾಮ್. ಭಾಷೆ ಬೇರೆ, ಪ್ರಾರ್ಥನೆ ಬೇರೆ. ಆದರೆ ಗುರು ಒಬ್ಬರೇ, ಗುರಿಯೂ ಒಂದೇ.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ರಹೀಮರು ಇಹಲೋಕವನ್ನು ತ್ಯಜಿಸಿದರು. ಆಗ ಅವರಿಗೆ ಐವತ್ತಮೂರು ವರ್ಷ. ತರಬೇತುದಾರರಿಗೆ ಮೀಸಲಾದ ದ್ರೋಣಾಚಾರ್ಯ ಪ್ರಶಸ್ತಿಯು ಆರಂಭವಾದದ್ದು ಅವರು ಗತಿಸಿ ಇಪ್ಪತ್ತೆರಡು ವರ್ಷಗಳಾದ ಮೇಲೆ, 1985ರಲ್ಲಿ. ಅವರ ಪುತ್ರ ಹಕೀಮರೂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. 2021ರಲ್ಲಿ ನಮ್ಮ ನೆರೆಯ ಕಲಬುರಗಿಯಲ್ಲಿ ನಿಧನರಾದರು. 2024ರಲ್ಲಿ ತೆರೆಕಂಡ ಮೈದಾನ್ ಎಂಬ ಹಿಂದಿ ಚಲನಚಿತ್ರದಿಂದ ರಹೀಮರ ಹೆಸರು ಹೊಸ ತಲೆಮಾರಿಗೆ ಪರಿಚಿತವಾಯಿತು.

ಜಕಾರ್ತಾದ ನಂತರ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಚಿನ್ನ ದೊರೆತಿಲ್ಲ; 1960ರ ನಂತರ ನಮ್ಮ ಪುರುಷರ ತಂಡವು ಒಲಿಂಪಿಕ್ಸ್ ಕಾಲ್ಚೆಂಡಿನ ಕಣಕ್ಕೇ ಇಳಿದಿಲ್ಲ. ಇದಕ್ಕೆ ಕಾರಣಗಳು ಹಲವು. ಆದರೆ ಗಿಡ್ಡ ಹುಡುಗನಿಗೂ ಒಂದು ಪಂದ್ಯಾವಳಿ ಇರಲೆಂದು ಚಿಂತಿಸಿದ ಮಾಸ್ತರರಂಥವರು ಕಡಿಮೆಯಾದದ್ದು ಅವುಗಳಲ್ಲಿ ಮುಖ್ಯವೆಂದು ನಮಗೆ ತೋರುತ್ತದೆ. ಗೆಲುವಿನ ಬೀಜ ಬೀಳುವುದು ರಾಜಧಾನಿಯ ಕ್ರೀಡಾಂಗಣದಲ್ಲಲ್ಲ, ಶಾಲೆಯ ಬಯಲಿನಲ್ಲಿ.

ಆದುದರಿಂದ ತಂದೆತಾಯಿಗಳಲ್ಲಿ ಹಾಗೂ ಶಾಲೆ ನಡೆಸುವವರಲ್ಲಿ ನಮ್ಮದೊಂದು ವಿನಂತಿ. ಪರೀಕ್ಷೆ ಸಮೀಪಿಸಿತೆಂದು ಮಕ್ಕಳ ಆಟದ ಅವಧಿಯನ್ನು ಕಸಿದುಕೊಳ್ಳದಿರಿ. ಉರಿಬಿಸಿಲಿನಲ್ಲಿ ಸೀಟಿ ಹಿಡಿದು ನಿಂತ ಡ್ರಿಲ್ ಮಾಸ್ತರರನ್ನು ಕಂಡಾಗ ಒಂದು ನಮಸ್ಕಾರ ಹೇಳಿರಿ. ಅವರ ಮುಂದಿನ ಸಾಲಿನಲ್ಲಿ ಬರಿಗಾಲಿನಲ್ಲಿ ನಿಂತಿರುವ ಬಾಲಕನು ನಾಳೆ ಏನಾಗುವನೆಂದು ಬಲ್ಲವರಾರು?