ಕಮಲಾದೇವಿ ಸೋತ ಚುನಾವಣೆ

ಕಮಲಾದೇವಿ ಚಟ್ಟೋಪಾಧ್ಯಾಯ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೈಮಗ್ಗದ ಸೀರೆ, ಕರಕುಶಲ ವಸ್ತುಗಳ ಎಂಪೋರಿಯಂ. ನನ್ನನ್ನು ಹೆಚ್ಚು ಕಾಡುವುದು ಅವರು 1926ರಲ್ಲಿ ಸೋತ ಒಂದು ಚುನಾವಣೆ. ಅದು ನಡೆದದ್ದು ನಮ್ಮ ದಕ್ಷಿಣ ಕನ್ನಡದಲ್ಲಿ. ಆಗ ಆ ಜಿಲ್ಲೆ ಮದರಾಸು ಪ್ರಾಂತ್ಯದ ಪಶ್ಚಿಮದ ಅಂಚಿನಲ್ಲಿತ್ತು.

ಹೆಸರು ನೋಡಿ ಅವರನ್ನು ಬಂಗಾಳಿ ಅಂದುಕೊಂಡವರನ್ನು ಪುಣೆಯಲ್ಲಿ ಎಷ್ಟೋ ಮಂದಿ ಕಂಡಿದ್ದೇನೆ! ಅವರು ಹುಟ್ಟಿದ್ದು ಮಂಗಳೂರಿನ ಸಾರಸ್ವತ ಮನೆಯಲ್ಲಿ, 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದಲ್ಲಿ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿಕೊಂಡವರು. ಪುಣೆಯ ಸೇವಾಸದನದ ರಮಾಬಾಯಿ ರಾನಡೆಯವರಿಗೂ ಈ ಮನೆಯವರಿಗೂ ಸ್ನೇಹವಿತ್ತು.

ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿ ಮಲಮಗನ ಪಾಲಾಯಿತು. ಅದೇ ಜಿಲ್ಲೆಯ ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುತ್ತಿತ್ತು. ಗಿರಿಜಾಬಾಯಿಯವರ ಮನೆತನದಲ್ಲಿ ಹಾಗಿರಲಿಲ್ಲ. ದೊಡ್ಡ ಮನೆಯ ಒಡತಿಗೆ ತಿಂಗಳಿಗಿಷ್ಟು ಅಂತ ಜೀವನಾಂಶ ಮಾತ್ರ. ಅದು ಬೇಡ ಅಂದು, ತವರಿನಿಂದ ತಂದ ಸ್ವತ್ತಿನಲ್ಲೇ ಅವರು ಮಗಳನ್ನು ಬೆಳೆಸಿದರು.

ಕಮಲಾದೇವಿಗೆ 14ಕ್ಕೆ ಮದುವೆಯಾಯಿತು. ಎರಡು ವರ್ಷ ಕಳೆಯುವುದರೊಳಗೆ ಗಂಡ ತೀರಿಕೊಂಡರು. ಆದರೂ ಓದು ನಿಲ್ಲಲಿಲ್ಲ. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದರು. ಆಮೇಲೆ ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರನ್ನು ಮದುವೆಯಾದರು. ವಿಧವೆಯ ಮರುಮದುವೆ, ಅದೂ ಬೇರೆ ಪ್ರಾಂತ್ಯದವರೊಂದಿಗೆ! ಊರಿನಲ್ಲಿ ಎಷ್ಟು ಮಾತಾಗಿರಬಹುದು ಅಂತ ನೀವೇ ಊಹಿಸಿ.

ಈಗ ಚುನಾವಣೆಗೆ ಬರೋಣ. ಮದರಾಸು ಪ್ರಾಂತ್ಯದಲ್ಲಿ 1921ರಲ್ಲೇ ಹೆಂಗಸರಿಗೆ ಮತದ ಹಕ್ಕು ಬಂದಿತ್ತು. ಆದರೆ ಗಂಡಸಾಗಲಿ ಹೆಂಗಸಾಗಲಿ, ಮತ ಹಾಕಲು ಇಷ್ಟು ಆಸ್ತಿ ಇರಬೇಕು ಅಥವಾ ಇಷ್ಟು ತೆರಿಗೆ ಕಟ್ಟುತ್ತಿರಬೇಕು ಎಂಬ ನಿಯಮವಿತ್ತು. ಹೆಸರಿನಲ್ಲಿ ಆಸ್ತಿಯೇ ಇಲ್ಲದ ಹೆಂಗಸಿಗೆ ಇದರಿಂದ ಏನು ಪ್ರಯೋಜನ? ಸ್ಪರ್ಧಿಸುವ ಹಕ್ಕು ಬಂದದ್ದು 1926ರಲ್ಲಿ, ಚುನಾವಣೆ ಇನ್ನೇನು ಹತ್ತಿರವಿರುವಾಗ. ಮಹಿಳೆಯರ ಮತದಾನಕ್ಕಾಗಿ ಹೋರಾಡುತ್ತಿದ್ದ ಮಾರ್ಗರೆಟ್ ಕಸಿನ್ಸ್ ಒತ್ತಾಯಿಸಿದಾಗ 23ರ ಕಮಲಾದೇವಿ ಕಣಕ್ಕಿಳಿದರು. ತಯಾರಿಗೆ ಸಮಯವಿರಲಿಲ್ಲ. ಮತದಾರರಲ್ಲಿ ಹೆಚ್ಚಿನವರು ಗಂಡಸರು. ಆದರೂ ಅವರು ಸೋತದ್ದು ಕೆಲವೇ ಮತಗಳ ಅಂತರದಿಂದ. ನಮ್ಮ ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಗೆದ್ದಿದ್ದರೆ ಕಥೆಯೇ ಬೇರೆ ಇತ್ತೇನೋ.

ನಾನು ಇಲ್ಲಿ ಫ್ಲಾಟ್ ನೋಂದಣಿ ಮಾಡಿಸಿದಾಗ, ಹೆಣ್ಣಿನ ಹೆಸರಿಗಾದರೆ ಮುದ್ರಾಂಕ ಶುಲ್ಕದಲ್ಲಿ ಶೇ. 1 ರಿಯಾಯಿತಿ ಅಂತ ಏಜೆಂಟರು ಹೇಳಿದರು. ಮನೆಯವರೆಲ್ಲ ಉಳಿದ ದುಡ್ಡಿನ ಲೆಕ್ಕ ಹಾಕುತ್ತಿದ್ದರು. ನನಗೆ ಗಿರಿಜಾಬಾಯಿ ನೆನಪಾದರು. ಹಿಂದೂ ವಿಧವೆಗೂ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಕೊಟ್ಟ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಸಿಕ್ಕಿದ್ದು 2005ರಲ್ಲಿ, ನಮ್ಮ ಕಣ್ಣೆದುರೇ.

ಸೋತು ಕೆಲವೇ ವಾರಗಳಾಗಿದ್ದವು. 1927ರ ಜನವರಿಯಲ್ಲಿ ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನ ನಡೆಯಿತು. ಬರೋಡಾದ ಮಹಾರಾಣಿ ಚಿಮಣಾಬಾಯಿ ಅಧ್ಯಕ್ಷರು. ಈ ಸಂಸ್ಥೆಯ ಮೊದಲ ಸಂಘಟನಾ ಕಾರ್ಯದರ್ಶಿ ನಮ್ಮ ಮಂಗಳೂರಿನ ಹುಡುಗಿ. ನಾವು ಎಫ್‌ಸಿ ರೋಡಿನಲ್ಲಿ ಶಾಪಿಂಗ್ ಮುಗಿಸಿ ಕಾಫಿಗೆ ಜಾಗ ಹುಡುಕುತ್ತೇವಲ್ಲ, ಆ ಕಾಲೇಜು ಅಲ್ಲೇ! ಸಮ್ಮೇಳನ ಶುರುವಾದದ್ದು ಹೆಣ್ಣುಮಕ್ಕಳ ಓದಿನ ಬಗ್ಗೆ ಮಾತಾಡಲು. ಬಾಲ್ಯವಿವಾಹ ನಿಲ್ಲದೆ ಓದು ಹೇಗೆ ಸಾಧ್ಯ? ಮಾತು ಅಲ್ಲಿಗೂ ಹೋಯಿತು. 1929ರ ಶಾರದಾ ಕಾಯ್ದೆ ಹುಡುಗಿಯರ ಮದುವೆಗೆ ಕನಿಷ್ಠ 14 ವರ್ಷ ಎಂದು ಗೊತ್ತುಮಾಡಿತು. ಕಮಲಾದೇವಿಗೆ ಮೊದಲ ಮದುವೆಯಾದ ವಯಸ್ಸೂ ಅದೇ.

1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕು ಎಂದು ಗಾಂಧೀಜಿಯವರನ್ನೇ ಒಪ್ಪಿಸಿದರು. ಮುಂಬಯಿ ಷೇರುಪೇಟೆಯೊಳಗೇ ಉಪ್ಪಿನ ಪೊಟ್ಟಣ ಮಾರಲು ನುಗ್ಗಿ ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದಮೇಲೆ, ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡವರಿಗಾಗಿ ಫರೀದಾಬಾದ್ ಊರು ಕಟ್ಟುವ ಕೆಲಸದಲ್ಲಿ ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ನೇಯುವ, ಕಸೂತಿ ಹಾಕುವ ಕೈಗಳ ಕೆಲಸಕ್ಕೆ ಮಾರುಕಟ್ಟೆ ಹುಡುಕಿಕೊಡುವುದೇ ಮುಂದಿನ ದಶಕಗಳ ಕೆಲಸವಾಯಿತು. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. ಮರುವರ್ಷ ಅಕ್ಟೋಬರ್ 29ರಂದು, 85ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.