ತೊಳೆದ ನೀರಲ್ಲಿ ಸಿಕ್ಕ ಚಿನ್ನ

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಮಿನಿ ಪ್ರಾಜೆಕ್ಟ್‌ಗೆ ಬೆಳ್ಳಿಯ ಇಂಕ್ ಮಾಡೋಕೆ ಹೊರಟಿದ್ವಿ. ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಅದನ್ನು ತುಂಬಿಸಿ, ಫೋಟೋ ಪೇಪರ್ ಮೇಲೆ ಕರೆಂಟ್ ಹರಿಯೋ ಗೆರೆ ಎಳೀಬೇಕು ಅನ್ನೋದು ಆಸೆ. ಬೆಳಿಗ್ಗೆ ಚೆಂದದ ಹಳದಿ ಬಣ್ಣದಲ್ಲಿದ್ದ ದ್ರವ ಮಧ್ಯಾಹ್ನದ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗಿ, ತಳದಲ್ಲಿ ಗಸಿ ಕೂತಿರುತ್ತಿತ್ತು. ಮೂರು ಸಲ ಹೀಗೇ ಆಯ್ತು. ಕಾರಣ ಹುಡುಕ್ತಾ ಹೋದಾಗ 1857ರ ಒಂದು ಲೇಖನ ಸಿಕ್ಕಿತು. ಬರೆದವರು ಮೈಕೇಲ್ ಫ್ಯಾರಡೆ. ಫ್ಯಾರಡೆ ಅಂದ್ರೆ ನನಗೆ ಗೊತ್ತಿದ್ದದ್ದು ಕಾಯಿಲ್, ಮ್ಯಾಗ್ನೆಟ್ ಮತ್ತು ಪರೀಕ್ಷೆಯಲ್ಲಿ ಖಂಡಿತ ಬರುವ ಒಂದು ಪ್ರಶ್ನೆ ಮಾತ್ರ. ಅವರಿಗೂ ಇಂಕ್‌ಗೂ ಏನು ಸಂಬಂಧ ಅಂತ ಓದುತ್ತಾ ಕೂತೆ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ಅಪ್ಪ ಕಮ್ಮಾರ, ಮೈಯಲ್ಲಿ ಹುಷಾರಿಲ್ಲದ ಮನುಷ್ಯ. ಮನೆಯಲ್ಲಿ ಬಡತನ. ಹುಡುಗ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ. ಹದಿನಾಲ್ಕನೇ ವಯಸ್ಸಿಗೆ ರೀಬೋ ಎಂಬುವರ ಪುಸ್ತಕದಂಗಡಿಯಲ್ಲಿ ಬೈಂಡಿಂಗ್ ಕೆಲಸ ಕಲಿಯೋಕೆ ಸೇರಿದ. ಏಳು ವರ್ಷದ ಒಪ್ಪಂದ. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಹೊಲಿಯೋದರ ಜೊತೆಗೆ ಓದಿಯೂ ಬಿಡುತ್ತಿದ್ದ. ಜೇನ್ ಮಾರ್ಸೆಟ್ ಅವರು ಬರೆದ ರಸಾಯನಶಾಸ್ತ್ರದ ಪುಸ್ತಕ, ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ, ಹೀಗೆ ಕೈಗೆ ಸಿಕ್ಕಿದ್ದೆಲ್ಲ. ಊರಲ್ಲಿ ನಡೆಯುತ್ತಿದ್ದ ವಿಜ್ಞಾನದ ಉಪನ್ಯಾಸಗಳಿಗೆ ಒಂದು ಶಿಲ್ಲಿಂಗ್ ಕೊಡಬೇಕಿತ್ತು. ಆ ದುಡ್ಡನ್ನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ಕೊಡುತ್ತಿದ್ದ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಟಿಕೆಟ್ ಕೊಟ್ಟಿದ್ದರಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಅವರ ನಾಲ್ಕು ಉಪನ್ಯಾಸ ಕೇಳೋ ಅವಕಾಶ ಸಿಕ್ಕಿತು. ಕೇಳಿದ್ದನ್ನೆಲ್ಲ ಚಿತ್ರಗಳ ಸಮೇತ ನೀಟಾಗಿ ಬರೆದು, ತನ್ನ ಕೈಯಾರೆ ಬೈಂಡ್ ಮಾಡಿ ಡೇವಿಗೇ ಕಳಿಸಿಕೊಟ್ಟ. ಡೇವಿ ಮೆಚ್ಚಿಕೊಂಡರು, ಆದರೆ ಆಗ ಕೆಲಸ ಖಾಲಿ ಇರಲಿಲ್ಲ. ಮುಂದಿನ ವರ್ಷ ಅಲ್ಲಿನ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡ. ಹಾಗೆ 1813ರ ಮಾರ್ಚ್‌ನಲ್ಲಿ ಫ್ಯಾರಡೆ ಲ್ಯಾಬ್ ಸೇರಿದರು. ಸೇರಿದ್ದು ವಿಜ್ಞಾನಿಯಾಗಿ ಅಲ್ಲ. ಬಾಟಲಿ ತೊಳೆಯೋದು, ಉಪಕರಣ ಜೋಡಿಸೋದು, ಉಪನ್ಯಾಸ ಮುಗಿದ ಮೇಲೆ ಎಲ್ಲ ಎತ್ತಿಡೋದು ಅವರ ಕೆಲಸ. ಅದೇ ವರ್ಷ ಡೇವಿ ದಂಪತಿ ಜೊತೆ ಯುರೋಪ್ ಪ್ರವಾಸಕ್ಕೆ ಹೋದಾಗ ಅರ್ಧ ಸಹಾಯಕ, ಅರ್ಧ ಆಳು. ಅವಮಾನ ಸಾಕಷ್ಟು ಆಯ್ತು. ಆದರೂ ಕಲಿಯೋದು ನಿಲ್ಲಿಸಲಿಲ್ಲ.

ಮುಂದಿನದು ನಮ್ಮ ಪಠ್ಯಪುಸ್ತಕದಲ್ಲಿದೆ. 1821ರಲ್ಲಿ ವಿದ್ಯುತ್ತಿನಿಂದ ತಂತಿ ಸುತ್ತುವಂತೆ ಮಾಡಿದರು. 1825ರಲ್ಲಿ ಬೆಂಜೀನ್ ಬೇರ್ಪಡಿಸಿದರು. 1831ರಲ್ಲಿ ಕಬ್ಬಿಣದ ಉಂಗುರಕ್ಕೆ ತಂತಿ ಸುತ್ತಿ ಇಂಡಕ್ಷನ್ ಕಂಡುಹಿಡಿದರು. ಜನರೇಟರ್, ಟ್ರಾನ್ಸ್‌ಫಾರ್ಮರ್ ಎಲ್ಲ ಅಲ್ಲಿಂದಲೇ ಬಂದವು. ಗಣಿತ ಮಾತ್ರ ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ.

ಸುಮಾರು 1840ರ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತು. ತಲೆ ಸುತ್ತು, ಎಲ್ಲಕ್ಕಿಂತ ಹೆಚ್ಚಾಗಿ ಮರೆವು. ಕೆಲವು ವರ್ಷ ಕೆಲಸವೇ ಕಡಿಮೆಯಾಯ್ತು. ಆಮೇಲೆ ಸುಧಾರಿಸಿಕೊಂಡರೂ ಮರೆವು ಪೂರ್ತಿ ಹೋಗಲಿಲ್ಲ. ಲ್ಯಾಬ್‌ನಲ್ಲಿ ಮಾಡಿದ್ದನ್ನು ಪ್ಯಾರಾಗೆ ಒಂದು ನಂಬರ್ ಹಾಕಿ ಬರೆದಿಡೋದು ಅವರ ಹಳೇ ಅಭ್ಯಾಸ. ಈಗ ಆ ಪುಸ್ತಕವೇ ನೆನಪಿನ ಕೆಲಸ ಮಾಡಬೇಕಾಯ್ತು. ಕೊನೆಗೆ ಆ ನಂಬರ್ 16,000 ದಾಟಿತ್ತು.

ಚಿನ್ನದ ಕೆಲಸ ಶುರುವಾಗಿದ್ದು ಈ ಸ್ಥಿತಿಯಲ್ಲಿ, 1856ರಲ್ಲಿ. ಆಗ ಅವರಿಗೆ ಅರವತ್ತನಾಲ್ಕು. ಬೆಳಕಿನ ಅಲೆಗಿಂತ ತುಂಬಾ ಚಿಕ್ಕದಾದ ಲೋಹದ ಕಣ ಬೆಳಕನ್ನು ಏನು ಮಾಡುತ್ತೆ ಅನ್ನೋದು ಅವರ ಪ್ರಶ್ನೆ. ಚಿನ್ನದ ತೆಳು ರೇಕನ್ನು ಬೆಳಕಿಗೆ ಅಡ್ಡ ಹಿಡಿದರೆ ಅದರ ಮೂಲಕ ಹಸಿರು ಕಾಣುತ್ತೆ. ಇನ್ನೂ ತೆಳುವಾದರೆ? ರಂಜಕ ಬಳಸಿ ಚಿನ್ನದ ದ್ರಾವಣದಿಂದ ತೀರಾ ತೆಳುವಾದ ಪದರ ಮಾಡಿ, ಗಾಜಿನ ಮೇಲೆ ಕೂರಿಸಿ ತೊಳೆಯುತ್ತಿದ್ದರು. ಆಗ ಕಣ್ಣಿಗೆ ಬಿದ್ದದ್ದು ತೊಳೆದ ನೀರು. ಅದು ತಿಳಿ ಕೆಂಪಗಿತ್ತು. ನಾವಾಗಿದ್ದರೆ ಸಿಂಕ್‌ಗೆ ಚೆಲ್ಲುತ್ತಿದ್ವಿ. ಅವರು ಬಾಟಲಿಯಲ್ಲಿ ತುಂಬಿಟ್ಟರು.

ಆಮೇಲೆ ಅಂಥ ಕೆಂಪು ದ್ರವವನ್ನು ಬೇಕೆಂದೇ ತಯಾರಿಸಿದರು. ಅದರೊಳಗೆ ಬೆಳಕಿನ ಕೋಲು ಹಾಯಿಸಿದರೆ ಅದರ ದಾರಿ ಎದ್ದು ಕಾಣುತ್ತಿತ್ತು, ಬಾಗಿಲ ಸಂದಿಯಿಂದ ಬರೋ ಬಿಸಿಲಲ್ಲಿ ಧೂಳು ಕಂಡ ಹಾಗೆ. ಅಂದರೆ ಇದರಲ್ಲಿ ಚಿನ್ನ ಕರಗಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ತೇಲುತ್ತಿದೆ ಅಂತ ಅವರು ತೀರ್ಮಾನಿಸಿದರು. ಆ ಕಣಗಳನ್ನು ತೋರಿಸುವ ಮೈಕ್ರೋಸ್ಕೋಪ್ ಆಗ ಇರಲಿಲ್ಲ. ನಂತರ ಚಿಟಿಕೆ ಉಪ್ಪು ಹಾಕಿ ನೋಡಿದರು. ಕೆಂಪು ನೀಲಿಯಾಯ್ತು, ನಿಧಾನಕ್ಕೆ ಚಿನ್ನ ತಳಕ್ಕೆ ಇಳಿಯಿತು. ಮೊದಲೇ ಸ್ವಲ್ಪ ಜೆಲಾಟಿನ್ ಸೇರಿಸಿದ್ದರೆ ಉಪ್ಪಿನ ಆಟ ನಡೆಯಲಿಲ್ಲ.

ಲೇಖನದಲ್ಲಿ ನಮ್ಮ ತಂಡದ ಮುಖಕ್ಕೆ ಹೊಡೆದ ಹಾಗಿದ್ದ ಭಾಗ ಪಾತ್ರೆ ತೊಳೆಯೋದರ ಬಗ್ಗೆ. ಬರೀ ಒರೆಸಿದ ಗಾಜು ಸಾಲದು, ಡಿಸ್ಟಿಲ್ಡ್ ನೀರಲ್ಲಿ ನೆನೆಸಿ ಅದರಲ್ಲೇ ಜಾಲಾಡಬೇಕು, ಹೊಸ ಬಾಟಲಿ ಕೂಡ ದ್ರವದ ಗುಣ ಕೆಡಿಸಬಹುದು ಎಂಬ ಅರ್ಥದ ಮಾತು ಅಲ್ಲಿದೆ. ನಾವು ಬೀಕರ್ ತೊಳೆದಿದ್ದು ಬೋರ್‌ವೆಲ್ ನೀರಲ್ಲಿ. ನಮ್ಮ ಹಾಸ್ಟೆಲ್ ಬಕೆಟ್‌ಗೆ ಬಿಳಿ ಕರೆ ಕಟ್ಟಿಸುವ ಅದೇ ಗಡಸು ನೀರು!

ಉಪ್ಪಿಗೆ ಯಾಕೆ ಇಷ್ಟು ಶಕ್ತಿ ಅನ್ನೋದು ಪೂರ್ತಿ ತಿಳಿದದ್ದು 1940ರ ದಶಕದಲ್ಲಿ. ತೇಲುವ ಕಣಗಳ ಮೈಮೇಲೆ ಒಂದೇ ಬಗೆಯ ಚಾರ್ಜ್ ಇರೋದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪಿನ ಅಯಾನುಗಳು ಆ ಚಾರ್ಜನ್ನು ಮರೆಮಾಡಿದರೆ ಕಣಗಳು ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಪ್ರಿಂಟರ್‌ಗೆ ಇದೇ ಯಮ. ನಾಝಲ್‌ನ ತೂತು ಕೆಲವೇ ಹತ್ತು ಮೈಕ್ರಾನ್ ಅಗಲ, ಕಣಗಳು ಗುಂಪುಗೂಡಿದರೆ ಅಲ್ಲೇ ಕಟ್ಟಿಕೊಳ್ಳುತ್ತೆ. ಅದಕ್ಕೇ ಇಂದಿನ ಬೆಳ್ಳಿ ಇಂಕ್‌ಗಳಲ್ಲಿ ಪ್ರತಿ ಕಣಕ್ಕೂ ಪಿವಿಪಿಯಂಥ ಪಾಲಿಮರ್‌ನ ಹೊದಿಕೆ ಇರುತ್ತೆ. ಫ್ಯಾರಡೆಯವರ ಜೆಲಾಟಿನ್ ಮಾಡಿದ ಕೆಲಸವೇ ಅದು. ತಮಾಷೆ ಅಂದ್ರೆ, ಬಾಟಲಿಯಲ್ಲಿ ದೂರ ಇರಬೇಕಾದ ಕಣಗಳು ಕಾಗದದ ಮೇಲೆ ಒಂದಾಗಲೇಬೇಕು, ಇಲ್ಲದಿದ್ದರೆ ಕರೆಂಟ್ ಹರಿಯಲ್ಲ. ಸಾಮಾನ್ಯವಾಗಿ ಅದಕ್ಕೆ ಬಿಸಿ ಮಾಡುತ್ತಾರೆ. ಕೆಲವು ಇಂಕ್‌ಗಳಲ್ಲಿ ಉಪ್ಪಿನಲ್ಲಿರುವ ಕ್ಲೋರೈಡನ್ನೇ ಬಳಸಿ, ಬಿಸಿ ಇಲ್ಲದೆ ಕಣಗಳನ್ನು ಬೆಸೆಯುತ್ತಾರೆ. ಕೆಡಿಸಿದ ಉಪ್ಪೇ ಅಲ್ಲಿ ಕೆಲಸಕ್ಕೆ ಬರುತ್ತೆ.

ಚಿನ್ನದ ಉಪನ್ಯಾಸ ಕೊಟ್ಟಿದ್ದು 1857ರ ಫೆಬ್ರವರಿಯಲ್ಲಿ. ಅದು ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬೇಡ ಅಂದರು, ಸರ್ ಬಿರುದೂ ಬೇಡ ಅಂದರು. ಮರೆವು ಹೆಚ್ಚಾದಂತೆ ಒಂದೊಂದೇ ಜವಾಬ್ದಾರಿ ಬಿಟ್ಟುಕೊಟ್ಟರು. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ ತೀರಿಕೊಂಡರು. ತೇಲುವ ಚಿನ್ನದ ಕಣಗಳ ಬಗ್ಗೆ ಅವರು ಹೇಳಿದ್ದು ಸರಿ ಅಂತ ತೋರಿಸಿದ ಜಿಗ್ಮೊಂಡಿ ಅವರಿಗೆ 1925ರ ನೊಬೆಲ್ ಬಂತು.

ಫ್ಯಾರಡೆ ತುಂಬಿಟ್ಟ ಬಾಟಲಿಗಳಲ್ಲಿ ಕೆಲವು ಇವತ್ತೂ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿವೆ. ನೂರಾ ಅರವತ್ತು ವರ್ಷ ದಾಟಿದರೂ ಅದರಲ್ಲಿನ ದ್ರವ ಇನ್ನೂ ಕೆಂಪಗಿದೆ. ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ ಮನುಷ್ಯ ಅದನ್ನು ಎಷ್ಟು ಚೆನ್ನಾಗಿ ತೊಳೆದಿದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ನಾಲ್ಕನೇ ಪ್ರಯತ್ನಕ್ಕೆ ಐದು ಲೀಟರ್ ಡಿಸ್ಟಿಲ್ಡ್ ನೀರಿನ ಕ್ಯಾನ್ ತಂದೆವು. ಆ ಸಲದ ಇಂಕ್ ಒಂಬತ್ತು ದಿನ ಹಳದಿಯಾಗಿಯೇ ಇತ್ತು.