ಡೆಪ್ಯುಟಿ ಚನ್ನಬಸಪ್ಪನವರು

ಕನ್ನಡನಾಡಿನ ಮಧ್ಯದಲ್ಲಿಯೇ ಕನ್ನಡದ ಬಾಲಕರು ಮರಾಠಿಯಲ್ಲಿ ಅಕ್ಷರಾಭ್ಯಾಸ ಮಾಡುತ್ತಿದ್ದ ಕಾಲವೊಂದಿತ್ತೆಂದರೆ ನಮ್ಮ ಮಧುಗಿರಿ, ಕೊರಟಗೆರೆಗಳ ಕಡೆಯ ತರುಣರು ಸುಲಭವಾಗಿ ನಂಬಲಾರರು. ಗೊರವನಹಳ್ಳಿಯ ರೈತನಿಗೆ ಇಂದು ತನ್ನ ಹೊಲದ ಪಹಣಿಯು ಕನ್ನಡದಲ್ಲಿಯೇ ದೊರೆಯುತ್ತದೆ. ತಾನು ಓದಲಾರದಿದ್ದರೆ ಶಾಲೆಗೆ ಹೋಗುವ ಮಗಳು ಓದಿ ಹೇಳುತ್ತಾಳೆ. ಈ ಭಾಗ್ಯವು ತಾನಾಗಿ ಬಂದುದಲ್ಲ. ನಮ್ಮ ನೆರೆಯ ಸಿರಾ ಪಟ್ಟಣವು 1687ರ ತರುವಾಯ ಮೊಗಲರ ಸುಬೆಯ ಮುಖ್ಯಸ್ಥಾನವಾಗಿದ್ದಾಗ ಸರಕಾರದ ಲೇಖನಿಯು ಪಾರಸಿಯಲ್ಲಿ ನಡೆಯುತ್ತಿತ್ತು. ಉತ್ತರದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಅದು ಮರಾಠಿಯಲ್ಲಿ ನಡೆಯಿತು. ಅಲ್ಲಿ ಆ ಲೇಖನಿಯನ್ನು ಕನ್ನಡದತ್ತ ತಿರುಗಿಸಿದವರಲ್ಲಿ ಚನ್ನಬಸಪ್ಪನವರು ಅಗ್ರಗಣ್ಯರು. ಹಳೆಯ ಮೈಸೂರಿನವರಾದ ನಾವು ಅವರ ಹೆಸರನ್ನು ಕೇಳಿದ್ದೇವೆಯೇ ಹೊರತು ಅವರ ಕಾರ್ಯವನ್ನು ಬಲ್ಲವರು ವಿರಳ.

ಅವರು ಧಾರವಾಡದಲ್ಲಿ 1834ರಲ್ಲಿ ಜನಿಸಿದರು. ಪೇಶ್ವೆಯವರ ರಾಜ್ಯವು 1818ರಲ್ಲಿ ಅಳಿದು ಆ ಸೀಮೆಯು ಮುಂಬಯಿ ಸರಕಾರದ ಕೈಸೇರಿತ್ತು. ದೊರೆಗಳು ಬದಲಾದರೂ ದಫ್ತರದ ಭಾಷೆ ಬದಲಾಗಲಿಲ್ಲ. ಕಚೇರಿಯ ಕಾಗದಗಳನ್ನೆಲ್ಲ ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ಮೋಡಿಯೆಂದರೆ ಲೇಖನಿಯನ್ನು ಎತ್ತದೆ ಅಕ್ಷರಕ್ಕೆ ಅಕ್ಷರವನ್ನು ಹೆಣೆದು ಬರೆಯುವ ಓಟದ ಬರಹ. ಮರಾಠಿ ಬಲ್ಲವರಿಗೂ ಅಭ್ಯಾಸವಿಲ್ಲದೆ ಅದು ತಿಳಿಯದು. ಮನೆಯಲ್ಲಿ, ಸಂತೆಯಲ್ಲಿ, ಗುಡಿಯಲ್ಲಿ ಕನ್ನಡವಾಡುವ ಒಕ್ಕಲಮಗನು ತನ್ನ ಭೂಮಿಯ ಪತ್ರವನ್ನು ಇನ್ನೊಬ್ಬರಿಂದ ಓದಿಸಬೇಕಾಗಿತ್ತು. ಓದಿದವನು ಹೇಳಿದ್ದೇ ಅವನಿಗೆ ಶಾಸನ. ಸರಕಾರವು ತೆರೆದ ಶಾಲೆಗಳಲ್ಲಿಯೂ ಮೊದಲು ಮರಾಠಿಗೇ ಪ್ರಾಶಸ್ತ್ಯವಿತ್ತು. ವಾಲ್ಟರ್ ಎಲಿಯಟ್ ಸಾಹೇಬರಂಥ ಕೆಲವು ಅಧಿಕಾರಿಗಳು ಈ ಅಸಂಗತವನ್ನು ಕಂಡು ಕನ್ನಡ ಶಾಲೆಗಾಗಿ ಶ್ರಮಿಸಿದ್ದರೂ ಆ ಪ್ರಯತ್ನವು ಬೇರೂರಿರಲಿಲ್ಲ.

ಚನ್ನಬಸಪ್ಪನವರು ಧಾರವಾಡದಲ್ಲಿಯೂ ಬಳಿಕ ಪುಣೆಯಲ್ಲಿಯೂ ವ್ಯಾಸಂಗ ಮಾಡಿದರು. ಮರಾಠಿ, ಇಂಗ್ಲಿಷುಗಳೆರಡನ್ನೂ ಬಲ್ಲವರಿಗೆ ಆ ದಿನಗಳಲ್ಲಿ ಬೇರೆ ಖಾತೆಗಳಲ್ಲಿ ಮಾನದ, ಸಂಬಳದ ಹುದ್ದೆಗಳು ಕಾದಿದ್ದವು. ಅವರು ವಿದ್ಯಾಖಾತೆಯನ್ನು ಹಿಡಿದರು. ಉಪಾಧ್ಯಾಯರನ್ನು ಸಿದ್ಧಪಡಿಸುವ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾದರು. ಮುಂದೆ ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರರಾದರು. ಜನರು ಆ ಅಧಿಕಾರದ ಹೆಸರನ್ನೇ ಅವರಿಗೆ ಬಿರುದಿನಂತೆ ಅಂಟಿಸಿಬಿಟ್ಟರು. ಅವರ ಮೇಲಧಿಕಾರಿಯಾಗಿದ್ದ ರಸೆಲ್ ಸಾಹೇಬರೂ ಕನ್ನಡದ ಪಕ್ಷಪಾತಿಗಳಾಗಿದ್ದುದು ನಾಡಿನ ಪುಣ್ಯವೆನ್ನಬೇಕು.

ಅವರ ಕಾರ್ಯದ ಬಗೆಯನ್ನು ವಾಚಕರು ಗಮನವಿಟ್ಟು ನೋಡಬೇಕು. ಹುಕುಮು ಹೊರಡಿಸಿದ ಮಾತ್ರಕ್ಕೆ ಶಾಲೆಯು ಕನ್ನಡವಾಗುವುದಿಲ್ಲ. ಕಲಿಸುವ ಮಾಸ್ತರನು ಬೇಕು, ಅವನ ಕೈಗೆ ಪುಸ್ತಕ ಬೇಕು, ಹುಡುಗನನ್ನು ಕಳುಹಿಸಲು ತಂದೆಯು ಒಪ್ಪಬೇಕು. ಈ ಮೂರರಲ್ಲಿ ಕಡೆಯದೇ ಕಠಿನ. ಮರಾಠಿ ಕಲಿತರೆ ಕಚೇರಿಯಲ್ಲಿ ಅನ್ನವುಂಟು, ಕನ್ನಡ ಕಲಿತು ಏನು ಫಲ ಎಂಬುದು ಅಂದಿನ ತಂದೆಗಳ ವಾದ. ಅದು ಕೇವಲ ಮೂಢವಾದವೂ ಆಗಿರಲಿಲ್ಲ. (ಮರಾಠಿಯ ಸ್ಥಾನದಲ್ಲಿ ಇಂಗ್ಲಿಷನ್ನಿಟ್ಟು ಇದೇ ವಾದವನ್ನು ನಮ್ಮ ಪೇಟೆಯ ಅಂಗಡಿಗಳ ಜಗಲಿಯ ಮೇಲೆ ಈಗಲೂ ಕೇಳುತ್ತೇವೆ.) ಚನ್ನಬಸಪ್ಪನವರು ಹಳ್ಳಿಹಳ್ಳಿಗೆ ಹೋಗಿ ಹಿರಿಯರನ್ನು ಒಡಂಬಡಿಸಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಮಾಸ್ತರರ ಉಪಯೋಗಕ್ಕಾಗಿ ಮಠಪತ್ರಿಕೆ ಎಂಬ ಮಾಸಪತ್ರಿಕೆಯೂ ಆ ಕಾಲದಲ್ಲಿಯೇ ಹುಟ್ಟಿತು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದ ವಿದ್ವಾಂಸರು ಲೇಖನಿಯನ್ನೆತ್ತಿಕೊಂಡರು. ಚನ್ನಬಸಪ್ಪನವರು ತಾವೂ ಷೇಕ್ಸ್‌ಪಿಯರನ ಒಂದು ಪ್ರಹಸನವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ 1871ರಲ್ಲಿ ಕನ್ನಡಕ್ಕೆ ತಂದರು. ಇನ್‌ಸ್ಪೆಕ್ಟರಿಕೆಯ ಸುತ್ತಾಟದ ನಡುವೆ ನಗುವಿಗೂ ಅವರಿಗೆ ಬಿಡುವಿತ್ತೆಂಬುದು ನಮಗೆ ಹಿಡಿಸಿದೆ.

ಪರದೇಶಗಳ ಚರಿತ್ರೆಯನ್ನು ನೋಡಿದರೆ ಈ ಕಾರ್ಯದ ಬೆಲೆಯು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕೊರಿಯಾ ದೇಶದ ಪಂಡಿತರು ಚೀನೀ ಅಕ್ಷರಗಳಲ್ಲದೆ ಬೇರೆ ಬರಹವನ್ನು ಗಣಿಸುತ್ತಿರಲಿಲ್ಲ. ಅಲ್ಲಿನ ಸೇಜೋಂಗ್ ಮಹಾರಾಜನು ಪಾಮರರಿಗಾಗಿ ಹೊಸ ವರ್ಣಮಾಲೆಯನ್ನೇ ಕಲ್ಪಿಸಿ 1446ರಲ್ಲಿ ಪ್ರಕಟಿಸಿದನು. ಚೀನೀ ಬರಹವನ್ನು ಬಿಟ್ಟರೆ ದೇಶವು ಅನಾಗರಿಕವಾಗುವುದೆಂದು ಆಸ್ಥಾನದ ವಿದ್ವಾಂಸರು ಅದಕ್ಕೂ ಮೊದಲೇ ಬಿನ್ನಹ ಬರೆದು ವಿರೋಧಿಸಿದ್ದರು. ರಾಜನೇ ನಿಂತರೂ ಆ ಲಿಪಿಯು ಸರಕಾರದ ಕಾಗದಗಳಲ್ಲಿ ಮುಖ್ಯಸ್ಥಾನ ಪಡೆದದ್ದು 1894ರಲ್ಲಿ. ನಾಲ್ಕೂವರೆ ಶತಮಾನಗಳು ಉರುಳಿದ್ದವು! ನಮಗೆ ಹೊಸ ಲಿಪಿ ಬೇಕಾಗಿರಲಿಲ್ಲ. ಹಲ್ಮಿಡಿ ಶಾಸನದ ಕಾಲದಿಂದಲೂ ನಮ್ಮ ಭಾಷೆಗೆ ಬರಹವಿತ್ತು. ಬೇಕಾಗಿದ್ದುದು ಶಾಲೆ. ಅರಸನಲ್ಲ, ಮಂತ್ರಿಯಲ್ಲ, ಸಂಬಳದ ಒಬ್ಬ ಡೆಪ್ಯುಟಿಯು ಒಂದು ತಲೆಮಾರಿನಲ್ಲಿ ಅಷ್ಟನ್ನು ಸಾಧಿಸಿದುದಕ್ಕೆ, ಮಾಸ್ತರರನ್ನು ಮೊದಲು ತಯಾರಿಸಿದ್ದೇ ಕಾರಣವೆಂದು ನಾವು ಭಾವಿಸುತ್ತೇವೆ.

ಅವರು ಆಂಗ್ಲರ ಸೇವಕರಾಗಿದ್ದರಲ್ಲವೇ ಎಂದು ಕೆಲವು ದೇಶಭಕ್ತರು ಮೂಗು ಮುರಿಯುವುದುಂಟು. ಈ ಆಕ್ಷೇಪವು ನಮಗೆ ಸಮ್ಮತವಲ್ಲ. ವಿಯೆಟ್ನಾಮಿನಲ್ಲಿ ರೋಮನ್ ಅಕ್ಷರಗಳಿಂದ ದೇಶಭಾಷೆಯನ್ನು ಬರೆಯುವ ಪದ್ಧತಿಯನ್ನು ಹಾಕಿದವರು ಐರೋಪ್ಯ ಪಾದ್ರಿಗಳು. ಆ ಭಾಷೆಯ ಕೋಶವೊಂದು 1651ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಫ್ರೆಂಚರೂ ಅದನ್ನು ತಮ್ಮ ಅನುಕೂಲಕ್ಕಾಗಿ ಬೆಂಬಲಿಸಿದರು. ಆದರೆ 1907ರಲ್ಲಿ ಹನಾಯ್ ನಗರದ ರಾಷ್ಟ್ರೀಯ ಶಾಲೆಯವರು ಚೀನೀ ಅಕ್ಷರಗಳ ಬಿಗಿಯನ್ನು ಸಡಿಲಿಸಲು ಅದೇ ಬರಹವನ್ನು ಕೈಗೆತ್ತಿಕೊಂಡರು, ಮತ್ತು ಅದೇ ಫ್ರೆಂಚರು ವರ್ಷ ತುಂಬುವ ಮೊದಲೇ ಆ ಶಾಲೆಯನ್ನು ಮುಚ್ಚಿಸಿದರು. ಮರಾಠಿಯ ಮೇಲೆ ನಮಗೆ ದ್ವೇಷವಿಲ್ಲ. ಅದು ನೆರೆಮನೆಯ ನುಡಿ, ಸಂತರ ನುಡಿ. ಕನ್ನಡದ ಕೂಸಿಗೆ ಮೊದಲ ಅಕ್ಷರವು ತನ್ನ ನುಡಿಯದಾಗಿರಬೇಕು ಎಂಬಷ್ಟೇ ವ್ಯಾಜ್ಯ.

ಚನ್ನಬಸಪ್ಪನವರು ಐವತ್ತು ತುಂಬುವ ಮೊದಲೇ, 1881ರಲ್ಲಿ, ಕಾಲವಶರಾದರು. ಒಂಬತ್ತು ವರ್ಷಗಳ ತರುವಾಯ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1956ರಲ್ಲಿ ಆ ಜಿಲ್ಲೆಗಳು ನಮ್ಮೊಡನೆ ಒಂದೇ ರಾಜ್ಯವಾದವು. ಹಳೆಯ ಮೋಡಿ ಕಾಗದಗಳು ಆ ಕಡೆಯ ದಫ್ತರಗಳಲ್ಲಿಯೂ ಮನೆಗಳ ಪೆಟ್ಟಿಗೆಗಳಲ್ಲಿಯೂ ಇನ್ನೂ ಉಳಿದಿವೆ. ಜಮೀನಿನ ವ್ಯಾಜ್ಯವೆದ್ದಾಗ ಅವನ್ನು ಓದಬಲ್ಲವರನ್ನು ಈಗ ಹುಡುಕಿಕೊಂಡು ಹೋಗಬೇಕಾಗಿದೆ.